ಮುಚ್ಚಳದ ಕೆಳಗಿನ ಬನ್ನಿ

ವಿಜಯದಶಮಿಯ ದಿನ ಗದಗ-ಬೆಟಗೇರಿಯ ಕೈಗಾರಿಕಾ ವಸಾಹತಿನಲ್ಲಿ ತೆರೆದಿದ್ದುದು ಹೇಮಪ್ಪನವರ ಶೆಡ್ಡೊಂದೇ. ಹಿಂದಿನ ದಿನ ಆಯುಧಗಳ ಖಂಡೆ ಪೂಜೆಗೆ ಏರಿಸಿದ್ದ ಚೆಂಡು ಹೂಗಳು ಲೇತ್ ಯಂತ್ರಗಳ ಮೇಲೆ ಹಾಗೆಯೇ ಬಾಡುತ್ತಿದ್ದವು. ಹೊರಗಿನ ಅಂಕಣದಲ್ಲಿ ಯಾರೂ ಇರಲಿಲ್ಲ. ಎರಡು ಬಾಗಿಲುಗಳ ಆಚೆ, ಶೆಡ್ಡಿನ ನೆಲ ಒರೆಸುವ ಕರೆವ್ವ 'ಬಿಳೇ ಖೋಲಿ' ಎಂದು ಕರೆಯುತ್ತಿದ್ದ ಧೂಳಿಲ್ಲದ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿತ್ತು.

ಆ ಕೋಣೆಯ ನಡುವಿನ ಮೇಜಿನ ಮೇಲೆ ಒಂದು ಡಬ್ಬಿಯಿತ್ತು. ಡಬ್ಬಿ ಎಂಬುದು ಶೆಡ್ಡಿನವರ ಮಾತು. ತೆಳುವಾದ ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ಜೇನುಗೂಡಿನಂತಹ ಜಾಲರಿಯನ್ನು ಸೇರಿಸಿ ಅಂಟಿಸಿದ ಹಲಗೆಗಳಿಂದ ಅದನ್ನು ಕಟ್ಟಿದ್ದರು. ಒಂದೇ ಕೈಯಿಂದ ಎತ್ತಬಹುದಾದಷ್ಟು ಹಗುರ. ಮೇಲೆ ಆಳು ನಿಂತರೂ ಬಾಗದಷ್ಟು ಗಟ್ಟಿ. ಉಪಗ್ರಹದ ಆಂಟೆನಾವನ್ನು ಬೇಕಾದ ದಿಕ್ಕಿಗೆ ತಿರುಗಿಸುವ ಕೀಲು ಇದರ ಬೆನ್ನಿನ ಮೇಲೆ ಕೂರಬೇಕಾಗಿತ್ತು.

ಬೆಂಗಳೂರಿನ ಕಂಪನಿಯೊಂದು ಸಂಪರ್ಕ ಉಪಗ್ರಹಗಳಿಗಾಗಿ ಒಂದಲ್ಲ, ಮೂರು ಒಡಲುಗಳನ್ನು ಒಟ್ಟಿಗೆ ರೂಪಿಸುತ್ತಿತ್ತು. ಗಾತ್ರದಲ್ಲಿ ಒಂದಕ್ಕಿಂತ ಒಂದು ದೊಡ್ಡದು. ಎಲುಬು ಮಾತ್ರ ಮೂರಕ್ಕೂ ಒಂದೇ. ಇಂಥ ಒಡಲನ್ನು ಕಂಪನಿಯವರು ತಮ್ಮ ರೂಢಿಯಂತೆ 'ಬಸ್' ಎನ್ನುತ್ತಿದ್ದರು. ಮೊದಲ ಸಲ ಆ ಮಾತು ಕಿವಿಗೆ ಬಿದ್ದಾಗ ಕರೆವ್ವ, "ಯಾವ ಬಸ್ಸೋ ಯಪ್ಪಾ, ಹೊಂಬಳದ್ದಾ?" ಎಂದು ಪಕ್ಕದ ಹಳ್ಳಿಯ ಹೆಸರೆತ್ತಿ ಕೇಳಿ ಎಲ್ಲರನ್ನೂ ನಗಿಸಿದ್ದಳು. ಆದರೆ ಅದಕ್ಕಿಂತ ಚೆನ್ನಾಗಿ ವಿವರಿಸುವುದು ಕಷ್ಟ. ಒಳಗೆ ಕೂರುವ ಪ್ರಯಾಣಿಕರು, ಅಂದರೆ ದೂರದರ್ಶನ, ದೂರವಾಣಿ, ಅಂತರಜಾಲಗಳ ಸಂಕೇತವನ್ನು ಹಿಡಿದು ಮರಳಿ ಕಳಿಸುವ ಪೆಟ್ಟಿಗೆಗಳು, ಪ್ರತಿ ಸಲ ಬೇರೆ. ಹೊತ್ತೊಯ್ಯುವ ಗಾಡಿ ಅದೇ. ಶೆಡ್ಡಿನವರು ಆ ಮೂರಕ್ಕೂ ಸಣ್ಣಾವ, ನಡುವಿನಾವ, ದೊಡ್ಡಾವ ಎಂದು ಹೆಸರಿಟ್ಟುಕೊಂಡಿದ್ದರು. ಈ ಡಬ್ಬಿ ಸಣ್ಣಾವನದು. ಕಂಪನ ಪರೀಕ್ಷೆಯಲ್ಲಿ ಗೆದ್ದರೆ ಇದೇ ನಮೂನೆಯ ಡಬ್ಬಿ ಉಳಿದಿಬ್ಬರಿಗೂ ಹೋಗುತ್ತದೆ, ಅದನ್ನೂ ಇಲ್ಲಿಯೇ ಕಟ್ಟಿಸುತ್ತೇವೆ ಎಂದು ಕಂಪನಿ ಮಾತು ಕೊಟ್ಟಿತ್ತು. ಹತ್ತಿ ಜಿನ್ನುಗಳ ಬಿಡಿಭಾಗ ಮಾಡಿಕೊಂಡಿದ್ದ ಹೇಮಪ್ಪನವರಿಗೆ ಆ ಮಾತು ಬಿದ್ದ ದಿನದಿಂದ ಕುಂತಲ್ಲಿ ಕೂರಲಾಗುತ್ತಿರಲಿಲ್ಲ. ಸೋಮವಾರ ಕಂಪನಿಯ ಇಂಜಿನಿಯರ್ ನಂದೀಶ ಬಂದು ಡಬ್ಬಿಯನ್ನು ಒಯ್ಯುವವನಿದ್ದ. ಇಂದು ಗುರುವಾರ, ಇವತ್ತೇ ಮುಚ್ಚಳ ಕೂರಬೇಕಿತ್ತು.

ಮುಚ್ಚಳ ಕೂರಿಸುವವನು ಮುಂಡರಗಿಯ ಮೌನೇಶ. ಕೂರಿಸುವ ಮೊದಲು ಒಳಗನ್ನು ಕೊನೆಯ ಸಲ ನೋಡಿ, ಆಮೇಲೆ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾದವಳು ರುಹಿ.

ರುಹಿ ಲಕ್ಷ್ಮೇಶ್ವರದವಳು, ಭೌತಶಾಸ್ತ್ರದ ಪದವೀಧರೆ, ಈ ಶೆಡ್ಡಿಗೆ ಬಂದು ಎರಡನೆಯ ವರ್ಷ. ಕಂಡದ್ದನ್ನು ಮಾತ್ರ ಹೇಳಬೇಕು, ಖಾತ್ರಿಯಾಗದ್ದನ್ನು ಆಡಬಾರದು ಎಂಬುದು ಅವಳ ನೇಮ. ಆ ನೇಮದಿಂದಲೇ ಅವಳಿಗೆ ಶೆಡ್ಡಿನಲ್ಲಿ ಗೌರವ ಬಂದಿತ್ತು. "ರುಹಿ ಮೇಡಮ್ ಮಳಿ ಬರತೈತಿ ಅನ್ನೂದಿಲ್ಲ, ತೊಯ್ಸಿಕೊಂಡ ಮ್ಯಾಲೆ ಬಂತು ಅಂತಾರ" ಎಂದು ಮೌನೇಶ ಚೇಷ್ಟೆ ಮಾಡುತ್ತಿದ್ದ. ಬಿಳೇ ಖೋಲಿಯೊಳಗೆ ಏನು ಹೋಗಬಹುದು, ಏನು ಹೋಗಬಾರದು ಎಂಬ ಕಟ್ಟಳೆಗಳನ್ನು ಬರೆದು ಬಾಗಿಲಿಗೆ ಅಂಟಿಸಿದವಳೂ ಅವಳೇ.

ಅವಳು ಆ ಸಂಜೆ ಬಟ್ಟೆ ಬದಲಿಸುವ ಕಿರುಕೋಣೆಯಲ್ಲಿ ಬಿಳಿ ನಿಲುವಂಗಿ ತೊಟ್ಟು, ಎಡಗೈಗೆ ಗ್ಲೌಸ್ ಏರಿಸಿ, ಬಲಗೈಯದನ್ನು ಬಿಡಿಸುತ್ತಿದ್ದಾಗ ಕರೆವ್ವ ಬಂದಳು. ನಿಲುವಂಗಿಗಳನ್ನು ಒಗೆದು ಮಡಚಿಡುವುದು, ನೆಲ ಒರೆಸುವುದು ಕರೆವ್ವನ ಕೆಲಸ. ಬನ್ನಿ ಮರಕ್ಕೆ ಪೂಜೆ ಮಾಡಿ ನೇರವಾಗಿ ಬಂದಿದ್ದಳು. ಹಣೆಯ ತುಂಬ ವಿಭೂತಿ, ಸೆರಗಿನ ಗಂಟಿನಲ್ಲಿ ಎಸಳು ತುಂಬಿದ ಬನ್ನಿಯ ಕಡ್ಡಿಗಳು.

"ತಗೋರಿ ತಂಗಿ. ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು."

ರುಹಿಯ ಕೈ ಅರೆಕ್ಷಣ ನಿಂತಿತು. ಕಳೆದ ವರ್ಷ ಇದೇ ಜಾಗದಲ್ಲಿ, ಇದೇ ಹೊತ್ತಿನಲ್ಲಿ, ಎರಡೂ ಕೈಗೆ ಗ್ಲೌಸ್ ಇದ್ದುದರಿಂದ ಅವಳು 'ಆಮೇಲೆ ಕೊಡ್ರಿ' ಎಂದಿದ್ದಳು. ಕರೆವ್ವ ಮಾತಿಲ್ಲದೆ ಮುಖ ತಿರುಗಿಸಿ ಹೋದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಅಲ್ಲಾಸಾಬರ ಮಗಳು ಬನ್ನಿಯನ್ನು ಬೇಡವೆಂದಳು ಎಂದು ಆ ಮುದುಕಿ ಮನಸ್ಸಿನಲ್ಲಿ ಇಟ್ಟುಕೊಂಡಳೇನೋ ಎಂಬ ಮುಳ್ಳು ವರ್ಷವಿಡೀ ಅವಳನ್ನು ಚುಚ್ಚಿತ್ತು. ಈ ಸಲ ಅವಳು ಬರಿಗೈಯನ್ನು ಚಾಚಿದಳು, ತಗೊಂಡಳು, ಕಣ್ಣಿಗೊತ್ತಿಕೊಂಡಳು. ಕರೆವ್ವನ ಮುಖ ಅರಳಿತು.

"ಮೇಡಮ್, ಅಂಟು ಕಲಸೇನ್ರಿ! ಜಲ್ದಿ ಬರ್ರಿ, ಡಬ್ಬ್ಯಾಗ ಗಟ್ಟಿ ಆಗೂದು ಬಿಟ್ಟು ಬೋಗಾಣ್ಯಾಗ ಗಟ್ಟಿ ಆಕ್ಕೈತಿ!" ಎಂದು ಒಳಗಿನಿಂದ ಮೌನೇಶ ಕೂಗಿದ.

ನಿಲುವಂಗಿಗೆ ಜೇಬಿಲ್ಲ. ಬನ್ನಿಯನ್ನು ಎಲ್ಲಿಡಬೇಕೆಂದು ತೋಚದೆ ಅವಳು ಅದನ್ನು ಎಡಗೈಯ ಗ್ಲೌಸ್ ಅಂಚಿಗೂ ತೋಳಿಗೂ ನಡುವೆ ಸಿಕ್ಕಿಸಿದಳು; ಬಲಗೈಯ ಗ್ಲೌಸ್ ಏರಿಸಿಕೊಳ್ಳುತ್ತ ಒಳಗೋಡಿದಳು.

ಟಾರ್ಚು ಹಿಡಿದು ಡಬ್ಬಿಯೊಳಗೆ ಬಗ್ಗಿ ಅವಳು ನಾಲ್ಕೂ ಮೂಲೆಗಳನ್ನು ನೋಡಿದಳು. ಎಲ್ಲವೂ ಶುಭ್ರವಾಗಿತ್ತು. "ಮುಚ್ಚರಿ" ಎಂದಳು. ಮೌನೇಶ ಅಂಚಿನುದ್ದಕ್ಕೂ ಅಂಟನ್ನು ಎಳೆದು, ಮುಚ್ಚಳವನ್ನಿಟ್ಟು, ಕ್ಲ್ಯಾಂಪುಗಳನ್ನು ಬಿಗಿದ. ಆ ಅಂಟು ರಾತ್ರಿಯಿಡೀ ಮೆತ್ತಗಿರುತ್ತದೆ, ಬೆಳಗಾಗುವಷ್ಟರಲ್ಲಿ ಕಲ್ಲು. ಇಬ್ಬರೂ ಹೊರಬಂದರು. ರುಹಿ ಗ್ಲೌಸ್ ಕಳಚಿ ಕಸದ ಡಬ್ಬಕ್ಕೆಸೆದು, ನಿಲುವಂಗಿಯನ್ನು ಕರೆವ್ವನ ಚೀಲಕ್ಕೆ ಹಾಕಿ, ಲಕ್ಷ್ಮೇಶ್ವರದ ಬಸ್ಸಿಗೆ ಓಡಿದಳು.

ಬಸ್ಸು ಶಿರಹಟ್ಟಿಯ ನಿಲ್ದಾಣದಲ್ಲಿ ನಿಂತಿತು. ಪಕ್ಕದ ಸೀಟಿನಲ್ಲಿದ್ದ, ಬಾಳೆಹೊಸೂರಿಗೆ ಹೊರಟಿದ್ದ ಅಜ್ಜಿಯೊಬ್ಬಳು ಸಂಚಿಯಿಂದ ಬನ್ನಿ ತೆಗೆದು, "ನಿನಗ ಕೊಡಲೇ ಇಲ್ಲಲ್ಲವಾ" ಎನ್ನುತ್ತ ಅವಳ ಕಡೆ ಹಿಡಿದಳು. ರುಹಿ ಎರಡೂ ಕೈಯೊಡ್ಡಿ ತಗೊಂಡಳು. ಎಡಗೈಯ ಖಾಲಿ ಮಣಿಕಟ್ಟು ಅವಳ ಕಣ್ಣೆದುರಿಗಿತ್ತು.

ಕರೆವ್ವನ ಬನ್ನಿ ಎಲ್ಲಿ?

ಅವಳು ದಿಗ್ಗನೆ ಎದ್ದು ನಿಂತಳು. ಗ್ಲೌಸ್ ಕಳಚಿದಾಗ ಏನಾದರೂ ಉದುರಿತೇ? ನೆನಪಿಲ್ಲ. ನಿಲುವಂಗಿಯ ತೋಳಿನೊಳಗೆ ಉಳಿಯಿತೇ? ಇರಬಹುದು. ಡಬ್ಬಿಯೊಳಗೆ ಬಗ್ಗಿದಾಗ ಟಾರ್ಚು ಬಲಗೈಯಲ್ಲಿತ್ತು. ಎಡಗೈ ಒಳಗಿನ ಅಂಚನ್ನು ಹಿಡಿದಿತ್ತು. ಟಾರ್ಚು ಹಿಡಿದವರಿಗೆ ಎಲ್ಲ ಮೂಲೆಗಳೂ ಕಾಣುತ್ತವೆ, ತಮ್ಮ ಮೊಣಕೈಯ ಕೆಳಗಿನದೊಂದನ್ನು ಬಿಟ್ಟು.

"ಇಳ್ಯಾಕೇನವಾ ತಂಗಿ? ಇಳಿಯೂದಿದ್ರ ಇಳಿ, ಕೂಡ್ರೂದಿದ್ರ ಕೂಡ್ರು" ಎಂದ ಕಂಡಕ್ಟರ್.

ಎದುರಿಗೆ ಗದಗಿಗೆ ಹೋಗುವ ಬಸ್ಸು ಇಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು. ಹತ್ತಿದರೆ ಒಂದು ಗಂಟೆಯೊಳಗೆ ಶೆಡ್ಡು. ಹೇಮಪ್ಪನವರನ್ನು ಕರೆಸಿ, ಮೌನೇಶನನ್ನು ಮುಂಡರಗಿಯ ದಾರಿಯಿಂದ ಹಿಂದಕ್ಕೆ ಕರೆಸಿ, ಮೆತ್ತಗಿರುವ ಅಂಟಿನಿಂದ ಮುಚ್ಚಳವನ್ನು ಎತ್ತಿಸಬಹುದು. ಆದರೆ ಏನೆಂದು ಹೇಳುವುದು? ಬಿದ್ದಿರಬಹುದು ಎಂದೇ? ಎತ್ತಿ ನೋಡಿ ಒಳಗೆ ಏನೂ ಇಲ್ಲದಿದ್ದರೆ? ಹಬ್ಬದ ದಿನ ಎಲ್ಲರನ್ನೂ ಓಡಿಸಿ, ಸರಿಯಾಗಿ ಕೂತಿದ್ದ ಮುಚ್ಚಳವನ್ನು ಕೆಡಿಸಿದವಳಾಗುತ್ತಾಳೆ.

ಖಾತ್ರಿಯಿಲ್ಲ. ಅವಳು ಕುಳಿತುಕೊಂಡಳು. ಬಸ್ಸು ಹೊರಟಿತು.

ದಾರಿಯಲ್ಲಿ ಮೌನೇಶನಿಗೆ ಫೋನ್ ಮಾಡಿದಳು. "ಮೌನೇಶಣ್ಣಾ, ಖೋಲಿ ನೆಲದ ಮ್ಯಾಲೆ ಏನರೆ ಬಿದ್ದದ್ದು ಕಂಡಿತ್ತಾ?"

"ಏನರೆ ಅಂದ್ರ ಏನ್ರಿ?"

"ಏನಿಲ್ಲ, ಸುಮ್ನ ಕೇಳಿದೆ."

"ಬಿದ್ದಿದ್ರ ನಿಮ್ಮ ಕಣ್ಣು ಬಿಡತಿತ್ತೇನ್ರಿ?" ಎಂದು ಅವನು ನಕ್ಕು ಫೋನ್ ಇಟ್ಟ.

ಲಕ್ಷ್ಮೇಶ್ವರದ ಪೇಟೆಯಲ್ಲಿ ಅವಳ ತಂದೆ ಅಲ್ಲಾಸಾಬರದು ಗಾದಿ ಹೊಲಿಯುವ ಅಂಗಡಿ. ಹಬ್ಬದ ದಿನ ಗಿರಾಕಿಗಳಿಗಿಂತ ಬನ್ನಿ ಕೊಡುವವರೇ ಹೆಚ್ಚು. ಬೆಳಗಿನಿಂದ ಬಂದ ಬನ್ನಿಯನ್ನೆಲ್ಲ ಅವರು ಗಲ್ಲಾಪೆಟ್ಟಿಗೆಯ ಪಕ್ಕದ ಖಾನೆಯಲ್ಲಿ ಜೋಪಾನವಾಗಿ ಇಡುತ್ತಿದ್ದರು. ರುಹಿ ಅಜ್ಜಿ ಕೊಟ್ಟ ಬನ್ನಿಯನ್ನು ಅದರಲ್ಲಿಡಲೆಂದು ಖಾನೆಯನ್ನೆಳೆದು ಹಾಗೆಯೇ ನಿಂತುಬಿಟ್ಟಳು. ಒಳಗಿದ್ದುದು ಬನ್ನಿಯಲ್ಲ, ಬೋಳು ಕಡ್ಡಿಗಳು. ಎಸಳುಗಳೆಲ್ಲ ಕಳಚಿ ಖಾನೆಯ ಸಂದುಗೊಂದುಗಳಿಗೆ ಹರಡಿದ್ದವು.

"ಅಬ್ಬಾ, ಇಷ್ಟು ಜಲ್ದಿ ಉದುರತಾವ ಇವು?"

"ಮತ್ತ? ಹರದ ಮ್ಯಾಲೆ ಎಷ್ಟೊತ್ತು ತಡೀತೈತಿ ಬೇಟಾ. ಬೆಳಿಗ್ಗೆ ಕೊಟ್ಟದ್ದು ಸಂಜಿಗೆ ಬರೇ ಕಡ್ಡಿ. ನಾಳೆ ಖಾನೆ ಝಾಡಿಸಬೇಕು, ನಾಡದ ಮತ್ತೊಂದು ಸಲ ಝಾಡಿಸಬೇಕು. ದೀಪಾವಳಿಗೂ ಒಂದೆರಡು ಸಿಗತಾವ."

ಒಂದು ಬನ್ನಿ ಎಂದರೆ ಒಂದು ವಸ್ತುವಲ್ಲ. ಈ ಸರಳ ಸಂಗತಿ ತನ್ನ ಕಟ್ಟಳೆಗಳ ಹಾಳೆಯಲ್ಲಿ ಎಲ್ಲಿಯೂ ಇಲ್ಲವೆಂದು ಅವಳಿಗೆ ಹೊಳೆಯಿತು. ಬೈಕ್ ರಿಪೇರಿ ಮಾಡುವ ತಮ್ಮ ಅಝೀಮನ ಬಳಿ ಉದ್ದನೆಯ ತಂತಿಯ ತುದಿಗೆ ಪುಟ್ಟ ಕ್ಯಾಮೆರಾ ಇತ್ತು. ಇಂಜಿನ್ ಬಿಚ್ಚದೆ ಪ್ಲಗ್ಗಿನ ತೂತಿನಿಂದ ಒಳಗನ್ನು ಮೊಬೈಲಿನಲ್ಲಿ ನೋಡುವ ಸಾಧನ. ನಾಳೆಗೆ ಅದು ಬೇಕೆಂದಳು.

"ಯಾಕ ಆಪಾ, ಉಪಗ್ರಹದ ಇಂಜಿನ್‌ನ್ಯಾಗ ಕಾರ್ಬನ್ ಹಿಡದೈತೇನು?" ಎಂದ ಅಝೀಮ. ಅವಳು ನಗಲಿಲ್ಲವೆಂದು ಕಂಡು ಸುಮ್ಮನೆ ತಂದುಕೊಟ್ಟ.

ಮರುದಿನ ಮೊದಲ ಬಸ್ಸಿಗೆ ಅವಳು ಹೊರಟಳು. ಸೀಟಿದ್ದರೂ ಗದಗಿನ ಮುಂಡರಗಿ ನಾಕಾದವರೆಗೆ ನಿಂತೇ ಬಂದಳು. ಶೆಡ್ಡಿನಲ್ಲಿ ಕರೆವ್ವನ ಚೀಲವನ್ನು ಕೊಡವಿದಳು; ನಿಲುವಂಗಿಯ ತೋಳುಗಳನ್ನು ಒಳಹೊರಗು ಮಾಡಿದಳು; ಕಸದ ಡಬ್ಬದ ಗ್ಲೌಸುಗಳನ್ನು ಒಂದೊಂದಾಗಿ ಬಿಡಿಸಿದಳು. ಬನ್ನಿಯ ಸುಳಿವೇ ಇಲ್ಲ. ಕೊನೆಗೆ ಕ್ಯಾಮೆರಾವನ್ನು ಸ್ಪಿರಿಟ್ಟಿನಿಂದ ಮತ್ತೆ ಮತ್ತೆ ಒರೆಸಿ, ಬಿಳೇ ಖೋಲಿಯೊಳಗೆ ಒಯ್ದಳು.

ಡಬ್ಬಿಯ ಬೆನ್ನಿನ ಕಡೆ ಬೆರಳು ಹೋಗುವಷ್ಟು ಅಗಲದ ಒಂದು ಗಾಳಿಕಿಂಡಿಯಿತ್ತು. ರಾಕೆಟ್ಟು ಮೇಲೇರುತ್ತ ಹೊರಗೆ ಗಾಳಿ ಇಲ್ಲವಾದಂತೆ, ಒಳಗೆ ಸಿಕ್ಕಿಕೊಂಡ ಗಾಳಿ ಡಬ್ಬಿಯನ್ನು ಒಡೆಯದಿರಲೆಂದು ಅಂಥ ಕಿಂಡಿಯನ್ನು ಬಿಡುತ್ತಾರೆ. ತಂತಿ ಅದರೊಳಗೆ ಜಾರಿತು. ಮೊಬೈಲಿನ ಮೇಲೆ ಹೊಳೆಯುವ ಗೋಡೆ, ಅಂಟಿನ ಸಾಲು, ಒಂದು ಮೂಲೆ, ಇನ್ನೊಂದು ಮೂಲೆ. ಮೂರನೆಯ ಮೂಲೆಯಲ್ಲಿ ಬನ್ನಿ ಮಲಗಿತ್ತು. ಸುತ್ತ ಉದುರಿದ ಎಸಳುಗಳು.

ಅವಳು ಮುಚ್ಚಳದ ಅಂಚನ್ನು ಉಗುರಿನಿಂದ ಒತ್ತಿದಳು. ಅಂಟು ಕಲ್ಲಾಗಿತ್ತು.

ಹೇಮಪ್ಪನವರು ಬರುವ ಹೊತ್ತಿಗೆ ಮೌನೇಶನೂ ಬಂದಿದ್ದ. ರುಹಿ ಮೊಬೈಲನ್ನು ತೋರಿಸಿದಳು. ಹೇಮಪ್ಪ ಕನ್ನಡಕವನ್ನು ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

"ಇದೇನು? ಬನ್ನಿ ಅಲ್ಲೇನು?"

"ಹೌದ್ರಿ ಸರ್. ನನ್ನ ಕೈಯಿಂದ ಬಿದ್ದೈತಿ."

ಹೇಮಪ್ಪನವರಿಗೆ ಮೊದಲು ನಗು ಬಂತು. "ಬಿಡವಾ, ಶುಭ ಆತು! ಮನಿ ಕಟ್ಟುವಾಗ ಹೊಸ್ತಲ ಬುಡಕ ಬಂಗಾರ ಇಡೂದಿಲ್ಲೇನು? ನಾವು ಇಡೂದು ಮರತಿದ್ವಿ, ಅದ ತಾನ ಹೋಗಿ ಕುಂತೈತಿ."

"ಹಂಗಲ್ರಿ. ಅಲ್ಲಿ ಅದು ಒಣಗಿ ಹುಡಿ ಆಕ್ಕೈತಿ. ಮ್ಯಾಲೆ ಹೋಗೂ ಮುಂದ ಒಳಗಿನ ಗಾಳಿ ಈ ಕಿಂಡಿಂದ ಹೊರಗ ನುಗ್ಗತೈತಿ, ಹುಡೀನೂ ಅದರ ಜೋಡಿ ಬರತೈತಿ. ಕಿಂಡಿ ಮುಂದನ ಆಂಟೆನಾದ ಕೀಲು. ಅದರಾಗ ಹುಡಿ ಕುಂತ್ರ ಆಂಟೆನಾ ಹಿಡಕೊಂಡು ನಿಂದರತೈತಿ. ಮೂವತ್ತಾರು ಸಾವಿರ ಕಿಲೋಮೀಟರ್ ಮ್ಯಾಲೆ ಒರಸಾಕ ಯಾರ ಹೋಗ್ತಾರ್ರಿ?"

"ಕರೆವ್ವನ್ನ ಕಳಿಸೂಣ್ರಿ, ಹೊಂಬಳ ಬಸ್ ಹತ್ತಿಸಿ" ಎಂದ ಮೌನೇಶ, ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಆಡುತ್ತ. ಕರೆವ್ವ ಬಾಗಿಲಲ್ಲಿ ನಿಂತಿದ್ದಳು.

"ನಾ ಕೊಟ್ಟದ್ದ ನಿಮ್ಮ ಕುತ್ತಿಗಿಗೆ ಬಂತೇನ ತಂಗಿ?"

"ನೀವು ಕೊಟ್ಟದ್ದಲ್ಲಕ್ಕಾ, ನಾ ಒಳಗ ಒಯ್ದದ್ದು."

"ಹೋದ ವರ್ಸದ್ಹಂಗ ಆಮ್ಯಾಗ ಕೊಡು ಅಂದಿದ್ರ ಆಗ್ತಿತ್ತಲ್ಲ?"

"ಹೋದ ವರ್ಷ ನಿಮಗ ಬ್ಯಾಸರಾತು. ಮಾತಾಡದ ಹೋದ್ರಿ."

ಕರೆವ್ವ ಬಾಯಿ ತೆರೆದು ನಿಂತಳು. "ನನಗ ಬ್ಯಾಸರಾ? ಯವ್ವಾ, ಹೋದ ವರ್ಸ ಮೊಮ್ಮಗಳಿಗೆ ಮೈಯೆಲ್ಲಾ ಜ್ವರಾ. ಜಲ್ದಿ ಮನಿ ಮುಟ್ಟಬೇಕು ಅಂತ ಓಡಿದೆ. ನೀವು ಆಮ್ಯಾಗ ಅಂದದ್ದ ಛಲೋ ಆಗಿತ್ತು ನನಗ!"

ಯಾವುದನ್ನೂ ಖಾತ್ರಿಯಿಲ್ಲದೆ ಆಡದ ರುಹಿ ಆ ಒಂದು ಸಂಗತಿಯನ್ನು ಮಾತ್ರ ಯಾರನ್ನೂ ಕೇಳದೆ ವರ್ಷವಿಡೀ ಖಾತ್ರಿಯೆಂದು ಹೊತ್ತು ತಿರುಗಿದ್ದಳು.

"ತಡೀರಿ, ಚಿಮಟಾದಿಂದ ಹಿಡದು ಎಳಿತೇನಿ" ಎಂದು ಮೌನೇಶ ಉದ್ದ ಮೂತಿಯ ಚಿಮಟವನ್ನು ತಂದ. ರುಹಿ ಕ್ಯಾಮೆರಾ ಹಿಡಿದಳು; ಅವನು ಕಿಂಡಿಯೊಳಗೆ ತಡಕಾಡಿ ಕಡ್ಡಿಯನ್ನು ಕಚ್ಚಿಸಿ ಎಳೆದ. ಕಡ್ಡಿ ಹೊರಬಂತು. ಬರುವಾಗ ಕಿಂಡಿಯ ಅಂಚಿಗೆ ಸವರಿ, ಅದರ ಮೇಲೆ ಉಳಿದಿದ್ದ ಎಸಳುಗಳೂ ಕಳಚಿ ಒಳಗೇ ಬಿದ್ದವು. ಕೆಲವನ್ನು ಅವನು ಹೆಕ್ಕಿ ತೆಗೆದ. ಕೆಲವು ಚಿಮಟದ ಗಾಳಿಗೇ ಹಾರಿ ಕ್ಯಾಮೆರಾದ ಕಣ್ಣಿಗೆ ಸಿಗದ ಕಡೆ ಸರಿದವು.

"ಆತಲ್ಲ? ಎಲ್ಲಾ ಬಂದ್ವಲ್ಲ?" ಎಂದರು ಹೇಮಪ್ಪ.

"ಗೊತ್ತಿಲ್ರಿ."

"ಈಗ ಕಾಣತಾವ?"

"ಇಲ್ಲ. ಆದ್ರ ಕ್ಯಾಮೆರಾ ಎಲ್ಲಾ ಕಡೆ ಮುಟ್ಟೂದಿಲ್ಲ."

ಹೇಮಪ್ಪನವರ ದನಿ ಏರಿತು. "ಕಂಡದ್ದಷ್ಟ ಹೇಳಾಕಿ ಅಲ್ಲೇನು ನೀನು? ಕಾಣವಲ್ಲವು ಅಂದ ಮ್ಯಾಲೆ ಇಲ್ಲ ಅಂತ ಬರಿ! ಸೋಮವಾರ ನಂದೀಶ ಬರತಾನ. ನೀ ಸಹಿ ಹಾಕಿದ್ರ ಡಬ್ಬಿ ಹೋಕ್ಕೈತಿ. ಹಾಕ್ತಿಯೋ ಇಲ್ಲೋ?"

"ಇಲ್ರಿ ಸರ್." ರುಹಿ ಮೊಬೈಲನ್ನು ಕೆಳಗಿಟ್ಟಳು. "ನಿನ್ನೆ ಸಂಜಿಕೂ ನಾ ಹಂಗ ಅಂದಕೊಂಡೆ. ಕಂಡಿಲ್ಲ, ಅದಕ್ಕ ಹೇಳಬಾರ್ದು ಅಂತ. ಶಿರಹಟ್ಟಿ ಸ್ಟ್ಯಾಂಡಿನ್ಯಾಗ ನೆನಪಾಗಿತ್ತು. ಎದರಿಗೆ ಗದಗ ಬಸ್ ನಿಂತಿತ್ತು. ಆಗ ಬಂದಿದ್ರ ಅಂಟು ಮೆತ್ತಗಿತ್ತು, ಮುಚ್ಚಳ ಎತ್ತಬಹುದಿತ್ತು."

ಹೇಮಪ್ಪ ಪೂರ್ತಿ ಅವಳ ಕಡೆ ತಿರುಗಿದರು.

"ನಿನ್ನೆ ಸಂಜಿಗೇ ಗೊತ್ತಿತ್ತಾ ನಿನಗ?"

"ಗೊತ್ತಿರಲಿಲ್ರಿ. ಸಂಶೇ ಇತ್ತು."

ಹೇಮಪ್ಪ ತಲೆಯ ಟೊಪ್ಪಿಗೆಯನ್ನು ಕಿತ್ತು ಹೊರಗೆ ಹೋದರು. ಲೇತ್ ಯಂತ್ರಗಳ ನಡುವೆ ಅವರು ಅತ್ತಿಂದಿತ್ತ ಓಡಾಡುವುದು ಗಾಜಿನಾಚೆ ಕಾಣುತ್ತಿತ್ತು. ಒಂದು ಯಂತ್ರದ ಬಾಡಿದ ಮಾಲೆಯನ್ನು ಎಳೆದು ಒಗೆದರು. ಬಗ್ಗಿ ಅದನ್ನು ಹೆಕ್ಕಿ ಅಲ್ಲೇ ಏರಿಸಿದರು. ರುಹಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಗ್ಲೌಸಿನ ಬೆರಳುಗಳನ್ನು ಎಳೆಯುತ್ತ ನಿಂತಿದ್ದಳು. ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಳು. ತೆಗೆದರೂ ಸೈ, ಇವರು ಬೇಗ ಒಳಗೆ ಬಂದು ಏನಾದರೊಂದು ಆಡಲಿ ಎಂದು ಅವಳ ಜೀವ ತಹತಹಿಸಿತು.

ಅವರು ಮರಳಿ ಬಂದಾಗ ಮಾತನಾಡಿದ್ದು ಮೌನೇಶನೊಡನೆ.

"ಏ ಮೌನೇಶ, ನಡುವಿನಾವಗೂ ಇದ ಡಬ್ಬಿ, ದೊಡ್ಡಾವಗೂ ಇದ ಡಬ್ಬಿ, ಹೌದಲ್ಲ?"

"ಹೌದ್ರಿ ಸಾವಕಾರ್ರ."

"ಹಂಗಾರ ಕೇಳು. ನಾಳೆ ಸಣ್ಣಾವನ ಕೀಲು ಮ್ಯಾಲೆ ಹಿಡದು ನಿಂತ್ತಂತ ತಿಳಿ. ಎಲಿ ಇತ್ತು ಅಂತ ಯಾರಿಗೆ ಕಾಣತೈತಿ? ಕೆಳಗ ಕುಂತಾವರು ಏನಂತಾರ? ಗದಗಿನ ಡಬ್ಬೀನ ಸರಿ ಇಲ್ಲ ಅಂತಾರ. ಅಣ್ಣತಮ್ಮರು ಮೂರೂ ಮಂದಿ ಕೆಟ್ಟ ಹೆಸರಲೇ ಹೋಕ್ಕಾರ. ಖರೆ ಏನಿತ್ತು ಅಂತ ಸಾಯೂತನಕ ಯಾರಿಗೂ ತಿಳಿಯೂದಿಲ್ಲ, ನನಗ ಬಿಟ್ಟು." ಅವರು ಡಬ್ಬಿಯ ಮೇಲೆ ಅಂಗೈಯನ್ನಿಟ್ಟರು. "ನನಗ ನಿದ್ದಿ ಬರಬೇಕಲ್ಲಪಾ. ಕೊಯ್ಯಿ."

"ಕೊಯ್ದ್ರ ಡಬ್ಬಿ ಹೋತ್ರಿ. ಮತ್ತ ಅಂಟಿಸಾಕ ಬರೂದಿಲ್ಲ."

"ಕೊಯ್ಯಲೇ ಅಂದೆ!"

ಹೊರಗಿನ ಅಂಕಣಕ್ಕೆ ಒಯ್ದು ಮೌನೇಶ ಮುಚ್ಚಳದ ಅಂಚಿಗೆ ಗರಗಸವನ್ನಿಟ್ಟ. ಎಷ್ಟೋ ವಾರ ಉಸಿರು ಬಿಗಿಹಿಡಿದು ಕಟ್ಟಿದ್ದ ಹಲಗೆ ಕರಕರನೆ ಸೀಳಿತು. ಮುಚ್ಚಳವನ್ನು ಮಗುಚಿದಾಗ ಅದರ ಒಳಮೈಯ ಅಂಟಿನಲ್ಲಿ ಒಂದು ಎಸಳು ಹಸಿರಾಗಿಯೇ ಹೂತುಹೋಗಿತ್ತು. ಕ್ಯಾಮೆರಾ ತಲುಪದ ಮೂಲೆಯಲ್ಲಿ ಇನ್ನಷ್ಟು. ಒಂದು ಗಾಳಿಕಿಂಡಿಯ ಬಾಯಿಗೇ ಬಂದು ಕುಳಿತಿತ್ತು. ರುಹಿ ಎಲ್ಲವನ್ನೂ ಹೆಕ್ಕಿ ಪ್ಲಾಸ್ಟಿಕ್ ಪೊಟ್ಟಣಕ್ಕೆ ಹಾಕಿದಳು. ಕರೆವ್ವ ಪಕ್ಕದಲ್ಲಿ ಕುಳಿತು, ಕಣ್ಣು ಕಿರಿದು ಮಾಡಿ, "ಅಲ್ಲೊಂದೈತಿ ನೋಡ್ರಿ, ಅಲ್ಲಿ, ನಿಮ್ಮ ಮೊಣಕೈ ಕೆಳಗ" ಎಂದು ತೋರಿಸುತ್ತಿದ್ದಳು.

ಶನಿವಾರ, ರವಿವಾರ ಹೇಗೆ ಕಳೆದವೋ. ಮನೆಯಲ್ಲಿ ರುಹಿ ತಂದೆಯ ಅಂಗಡಿಯ ಖಾನೆಯನ್ನು ಎರಡು ಸಲ ಝಾಡಿಸಿದಳು.

ಸೋಮವಾರ ನಂದೀಶ ಬಂದ. ಒಯ್ಯಲು ಪೆಟ್ಟಿಗೆಯನ್ನೂ ಮೆತ್ತನೆಯ ಹಾಸುಗಳನ್ನೂ ತಂದಿದ್ದ. ಮೇಜಿನ ಮೇಲೆ ಅವನಿಗೆ ಕಂಡದ್ದು ಕೊಯ್ದ ಡಬ್ಬಿ, ಮಗುಚಿದ ಮುಚ್ಚಳ, ಒಂದು ಪೊಟ್ಟಣ. ಹೇಮಪ್ಪ ಮಾತು ಆರಂಭಿಸುವ ಮೊದಲೇ ರುಹಿ ನಡೆದದ್ದನ್ನು ಮೊದಲಿನಿಂದ ಹೇಳಿದಳು. ಬನ್ನಿಯನ್ನೂ, ಗ್ಲೌಸಿನ ಅಂಚನ್ನೂ, ಶಿರಹಟ್ಟಿಯ ನಿಲ್ದಾಣವನ್ನೂ ಬಿಡಲಿಲ್ಲ.

ನಂದೀಶ ಪೊಟ್ಟಣವನ್ನೆತ್ತಿ ಬೆಳಕಿಗೆ ಹಿಡಿದ. "ಪರೀಕ್ಷೆಯ ಯಂತ್ರ ನಮಗೆ ಸಿಕ್ಕಿರೋದು ಈ ವಾರ ಮಾತ್ರ. ಇದನ್ನ ನಾನು ಮೇಲಿನವರಿಗೆ ಏನಂತ ಹೇಳ್ಲಿ? ಎಲೆ ಬಿತ್ತು ಅಂತಲಾ?"

"ಹಂಗ ಹೇಳ್ರಿ" ಎಂದರು ಹೇಮಪ್ಪ. "ಖರೇ ಅದ ಐತಿ."

ನಂದೀಶ ಡಬ್ಬಿಯನ್ನು ಎತ್ತಿ ತಿರುಗಿಸಿದ. ಸಿಟ್ಟಿನಿಂದ ಎತ್ತಿದ್ದವನ ಕೈ ಕಿಂಡಿಯ ಬಳಿ ನಿಂತಿತು. "ಕೊನೇ ಎಸಳು ಎಲ್ಲಿತ್ತು ಅಂದ್ರಿ?"

"ಕಿಂಡಿ ಬಾಯಾಗ."

"ಚಿಮಟ ಆಡಿಸಿದ ಗಾಳಿಗೇ ಇಲ್ಲಿಗೆ ಬಂತಾ?" ಅವನು ಕಿಂಡಿಯನ್ನೂ, ಕೀಲು ಕೂರಬೇಕಾದ ಜಾಗವನ್ನೂ ಬೆರಳಿನಿಂದ ಅಳೆದ. "ಎಲೆ ಬಿಡಿ. ಯಾರೇ ಕಟ್ಟಿದರೂ ಒಳಗೆ ಒಂದಿಷ್ಟು ಧೂಳು ಇದ್ದೇ ಇರುತ್ತೆ. ಅದೂ ಇಲ್ಲಿಂದಲೇ ನುಗ್ಗುತ್ತೆ, ನೇರ ಕೀಲಿನ ಮೇಲೆ. ಕಿಂಡಿ ಈ ಕಡೆ ಇರಬಾರದು." ಅವನು ಫೋನ್ ತೆಗೆದು ಹೊರಗೆ ಹೋದ. ಮೂರೂ ಒಡಲುಗಳ ನಕ್ಷೆಯ ಹೆಸರುಗಳು, ತಡೀರಿ, ಇಲ್ಲ, ಮೂರರದ್ದೂ, ಎಂಬ ತುಂಡು ಮಾತುಗಳು ಒಳಗೆ ಕೇಳುತ್ತಿದ್ದವು.

ಮರಳಿ ಬಂದು ಹೇಳಿದ: "ನಕ್ಷೆ ತಿದ್ದೋವರೆಗೆ ಡಬ್ಬಿ ಕಟ್ಟೋದು ಬೇಡ. ಆಮೇಲೆ ಯಾರು ಕಟ್ಟೋದು ಅನ್ನೋದು ನನ್ನ ಕೈಯಲ್ಲಿಲ್ಲ ಹೇಮಪ್ಪನೋರೇ. ಸಣ್ಣದರ ಕೆಲಸ ಬೇರೆ ಕಡೆ ಹೋಗೋ ಹಾಗೆ ಕಾಣುತ್ತೆ. ಉಳಿದ ಎರಡರ ಬಗ್ಗೆ ನಾನು ಹೇಳೋದು ಹೇಳ್ತೀನಿ." ಪೊಟ್ಟಣವನ್ನು ಚೀಲದಲ್ಲಿಟ್ಟುಕೊಂಡು, ಖಾಲಿ ಪೆಟ್ಟಿಗೆಯೊಂದಿಗೆ ಹೊರಟುಹೋದ.

ಹೇಮಪ್ಪ ಬಾಗಿಲಲ್ಲಿ ನಿಂತು ಧೂಳು ಅಡಗುವವರೆಗೂ ನೋಡಿದರು. "ಆತು. ಒಬ್ಬಾವ ಹೋದ, ಇಬ್ಬರು ತೂಗಾಕತ್ತಾರ" ಎಂದರು. ರುಹಿಯ ಕಡೆ ತಿರುಗದೆಯೇ, "ನಾಳೆ ಜಲ್ದಿ ಬಾರವಾ. ಹಳೇ ಹಲಗಿ ಮ್ಯಾಲೆ ಕಿಂಡಿ ಸರಿಸಿ ನೋಡೂಣು" ಎಂದರು.

ಸಂಜೆ ಗೇಟಿನ ಹೊರಗೆ ಕರೆವ್ವ ಕಾಯುತ್ತಿದ್ದಳು. ಸೆರಗಿನ ಗಂಟಿನಿಂದ ಹೊಸ ಬನ್ನಿಯೊಂದನ್ನು ಬಿಚ್ಚಿದಳು. "ಇವತ್ತ ಹರಕೊಂಡು ಬಂದೇನಿ. ಈಗರೆ ಕೈ ಖಾಲಿ ಅದಾವಲ್ಲ?" ರುಹಿ ಎರಡೂ ಕೈಯೊಡ್ಡಿ ತಗೊಂಡಳು.

ಬಸ್ಸಿನಲ್ಲಿ ಅವಳು ಅದನ್ನು ಚೀಲಕ್ಕೆ ಹಾಕಲಿಲ್ಲ. ಒಂದು ಎಸಳೂ ಉದುರದಂತೆ ಎಡಗೈಯ ಮುಷ್ಟಿಯಲ್ಲಿ ಹಿಡಿದು ಕುಳಿತಳು. ಕಿಂಡಿಯನ್ನು ಪಕ್ಕದ ಗೋಡೆಗೆ ಸರಿಸಿದರೆ ಏನಾಗುತ್ತದೆ? ಸಣ್ಣಾವನಲ್ಲಿ ಆ ಕಡೆ ಬಯಲು. ದೊಡ್ಡಾವನಲ್ಲಿ ಆ ಕಡೆ ಇನ್ನೊಂದು ಆಂಟೆನಾದ ಕೀಲು ಇರಬೇಕಲ್ಲವೇ? ಆ ನಕ್ಷೆಯನ್ನು ಅವಳು ನೋಡಿದ್ದು ಒಂದೇ ಸಲ, ಅದೂ ದೂರದಿಂದ. ತಪ್ಪಾಗಿ ನೆನಪಿರಬಹುದು.

ಬಸ್ಸು ಶಿರಹಟ್ಟಿಯ ನಿಲ್ದಾಣವನ್ನು ಹೊಕ್ಕಿತು. ಎದುರಿಗೆ ಗದಗಿನ ಬಸ್ಸು ಇಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು. ಅವಳು ಬಲಗೈಯಿಂದ ಫೋನ್ ತೆಗೆದು ನಂದೀಶನ ಹೆಸರನ್ನು ಒತ್ತಿದಳು. ಅತ್ತ ಅವನು ಎತ್ತಿದ. ಹೆದ್ದಾರಿಯ ಗದ್ದಲ ಕೇಳಿಸಿತು.

"ಸರ್, ನಾನು ರುಹಿ. ಕಿಂಡಿ ಬಗ್ಗೆ ಒಂದು ಮಾತು ಹೇಳಬೇಕಿತ್ತು. ನನಗ ಖಾತ್ರಿ ಇಲ್ರಿ."

"ಹೇಳಿ" ಎಂದ ನಂದೀಶ.